ಮುಳುಗದ ಬಟ್ಟಲು

ಎರಡು ಹೊಳೆ ಕೂಡುವ ಕಡೆ ಒಂದು ಆಶ್ರಮವಿತ್ತು. ಯಾವ ಹೊಳೆ ಎಂದು ಕೇಳಬೇಡಿ. ಹೆಸರು ಹೇಳಿದರೆ ಹುಡುಕಿಕೊಂಡು ಹೋಗುತ್ತೀರಿ. ಅಲ್ಲಿಗೆ ಸುಮ್ಮಸುಮ್ಮನೆ ಹೋಗಬಾರದು.

ಜನ ಅಲ್ಲಿಗೆ ಬರುತ್ತಿದ್ದದ್ದು ಸಾಯುವುದಕ್ಕೆ.

ಬಂದವರನ್ನು ಹೊಳೆಮನೆಯಲ್ಲಿ ಮಲಗಿಸುತ್ತಿದ್ದರು. ಅದು ಒಂದು ಉದ್ದನೆಯ ಕೋಣೆ. ಎರಡು ಬಾಗಿಲು. ಊರ ಕಡೆಯ ಬಾಗಿಲಿನಿಂದ ಒಳಗೆ ಬರುವುದು, ಹೊಳೆಯ ಕಡೆಯ ಬಾಗಿಲಿನಿಂದ ಹೊರಗೆ ಹೋಗುವುದು. ಹೊಳೆಬಾಗಿಲಿಗೆ ಕದ ಇರಲಿಲ್ಲ.

ಅಲ್ಲಿನ ಗುರುವನ್ನು ಎಲ್ಲರೂ ದಡದಜ್ಜ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಒಮ್ಮೆಯೂ ಆಚೆ ದಡಕ್ಕೆ ಹೋದವರಲ್ಲ, ಅದಕ್ಕೆ ಆ ಹೆಸರು. ಅವರ ಶಿಷ್ಯರಿಗೆ ಇದ್ದದ್ದು ಒಂದೇ ಕೆಲಸ. ಮಲಗಿದವರ ಹತ್ತಿರ ಕೂರುವುದು.

ಸರದಿಯ ಮೇಲೆ ಕೂರುತ್ತಿದ್ದರು. ನೀರು ತುಂಬಿದ ಕೊಪ್ಪರಿಗೆಯಲ್ಲಿ ತಾಮ್ರದ ಬಟ್ಟಲು ತೇಲಿಬಿಡುತ್ತಿದ್ದರು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ಮೆಲ್ಲಗೆ ಒಳಗೆ ಏರಿ, ಬಟ್ಟಲು ಗುಳುಕ್ ಎಂದು ಮುಳುಗಿದರೆ ಸರದಿ ಮುಗಿಯಿತು. ಅಲ್ಲಿಯವರೆಗೆ ಕೂತವರು ಏಳುವ ಹಾಗಿಲ್ಲ, ಇನ್ನೊಬ್ಬರು ಒಳಗೆ ಕಾಲಿಡುವ ಹಾಗಿಲ್ಲ. ಗುರುವಿಗೂ ಅದೇ ಕಟ್ಟಳೆ.

ಹೊಸಬರಿಗೆ ತಾಮ್ರ ಸಿಗುತ್ತಿರಲಿಲ್ಲ. ತೂತು ಕೊರೆದ ತೆಂಗಿನ ಚಿಪ್ಪು ಸಿಗುತ್ತಿತ್ತು. ದೀಪಾವಳಿಗೆ ಬಂದವರನ್ನು ಯುಗಾದಿಯವರೆಗೆ ನೋಡುವುದು ಅಲ್ಲಿನ ಪದ್ಧತಿ. ಯುಗಾದಿಯ ದಿನ ಹಿರಿಯ ಶಿಷ್ಯ ಎಲ್ಲರೆದುರು 'ಇರಲಿ' ಎಂದರೆ ಕೈಗೆ ತಾಮ್ರದ ಬಟ್ಟಲು. 'ಹೋಗಲಿ' ಎಂದರೆ ದಾರಿಗೆ ಬುತ್ತಿ.

ಆ ವರ್ಷ ಚಿಪ್ಪು ಹಿಡಿದಿದ್ದವಳು ನಿಂಬವ್ವ.

ಸಾಯುವ ಅತ್ತೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದಳು. ಅತ್ತೆ ಹೋದಮೇಲೆ ಗಾಡಿ ಹಿಂತಿರುಗಿತು, ಇವಳು ಹತ್ತಲಿಲ್ಲ. ಆ ಗಾಡಿ ಹೋಗುವ ಊರಿನಲ್ಲಿ ಇವಳಿಗಾಗಿ ಒಲೆ ಹಚ್ಚುವವರು ಯಾರೂ ಉಳಿದಿರಲಿಲ್ಲ. ಈ ಹೊಳೆಯ ಸದ್ದಿಗೆ ಅವಳಿಗೆ ನಿದ್ದೆ ಬರುತ್ತಿತ್ತು. ಬಹಳ ವರ್ಷಗಳ ಮೇಲೆ ಬಂದ ನಿದ್ದೆ ಅದು.

ಇಲ್ಲೇ ಇರಬೇಕು ಎಂಬುದೊಂದೇ ಅವಳ ಆಸೆ.

ಸಂಕ್ರಾಂತಿಗೆ ಅಲ್ಲಿ ಒಂದು ರೂಢಿ. ಹೊಸಬರ ಕೆಲಸ ಹೇಗಿದೆ ಎಂದು ಹಿರಿಯ ಶಿಷ್ಯ ಆ ದಿನ ಒಂದು ಮಾತು ಹೇಳಬೇಕು. ಎಲ್ಲರೂ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಅಂಗಳದಲ್ಲಿ ಕೂತರು. ಹಿರಿಯ ಶಿಷ್ಯ ಅಡಿವೆಪ್ಪ ಎದ್ದು ನಿಂತ.

ನಿಂಬವ್ವ ಕಾದಳು. ಒಣಗಿದ ತುಟಿಗಳಿಗೆ ನೀರು ಹಚ್ಚಿದ್ದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿದ್ದು, ಹೊಲಸಾದ ಬಟ್ಟೆ ಮುಖ ಸಿಂಡರಿಸದೆ ಒಗೆದದ್ದು, ಇದರಲ್ಲಿ ಒಂದಾದರೂ ಅವನ ಬಾಯಲ್ಲಿ ಬರುತ್ತದೆ ಎಂದುಕೊಂಡಿದ್ದಳು.

ಒಂದೂ ಬರಲಿಲ್ಲ.

"ಇವಳು ಬಂದಮೇಲೆ ಹೋದವರೆಲ್ಲ ಇವಳ ಸರದಿಯಲ್ಲೇ ಹೋಗಿದ್ದಾರೆ," ಎಂದ ಅಡಿವೆಪ್ಪ. "ನಾನು ಕೂತಾಗ ಇಷ್ಟು ವರ್ಷದಲ್ಲಿ ಒಬ್ಬರೂ ಹೋಗಿಲ್ಲ. ಇವಳ ಕೈ ಒಳ್ಳೆಯದಲ್ಲ. ಹೀಗೇ ಆದರೆ ಯುಗಾದಿಗೆ ನನ್ನ ಬಾಯಿಂದ 'ಇರಲಿ' ಬರುವುದಿಲ್ಲ."

ಅಡುಗೆಯ ಸಂಕವ್ವ, ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಎಂದರೆ ಇವನು ಆಡಿದ್ದು ನೋಡು ಎಂದು ಪಕ್ಕದವಳ ಕಿವಿಯಲ್ಲಿ ಅಂದಳು. ಆದರೆ ನಿಂಬವ್ವ ಎಳ್ಳುಬೆಲ್ಲದ ತಟ್ಟೆ ಹಿಡಿದು ಮುಂದೆ ಬಂದಾಗ ಸಂಕವ್ವನೂ ಕೈ ಚಾಚಲಿಲ್ಲ.

ದಡದಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಇಳಿಬಿಟ್ಟಿದ್ದರು. ನಿಂಬವ್ವ ಹೋಗಿ ನಿಂತಳು.

"ಅಜ್ಜಾ, ಅಡಿವೆಪ್ಪಣ್ಣ ಹೇಳಿದ್ದು ಅನ್ಯಾಯ."

"ಅದರಲ್ಲಿ ಸುಳ್ಳು ಯಾವುದು?"

ಅವಳು ಯೋಚಿಸಿದಳು.

"ಸುಳ್ಳಿಲ್ಲ. ನಾನು ಕೂತಾಗಲೇ ಹೋಗುತ್ತಾರೆ."

"ಹಾಗಾದರೆ ಅನ್ಯಾಯ ಎಲ್ಲಿದೆ?"

ಅವಳು ಅಲ್ಲಿಯವರೆಗೆ ನುಂಗಿಕೊಂಡಿದ್ದ ಮಾತು ಹೊರಗೆ ಬಂತು. ತನಗೆ ಯಾವಾಗಲೂ ಬೆಳಗಿನ ಜಾವದ ಸರದಿಯನ್ನೇ ಕೊಡುತ್ತಾರೆ. ಚಳಿಗೆ ಅದು ಯಾರಿಗೂ ಬೇಡ. ಯಾವ ಊರಿನಲ್ಲಾದರೂ ಹೋಗುವವರು ಹೋಗುವುದು ಆ ಹೊತ್ತಿಗೇ. ಆ ಹೊತ್ತನ್ನು ತನ್ನ ತಲೆಗೆ ಕಟ್ಟಿ, ಆಮೇಲೆ ಹೋದವರ ಲೆಕ್ಕ ತನ್ನನ್ನು ಕೇಳಿದರೆ ಹೇಗೆ?

"ಒಳ್ಳೆಯ ಮಾತು," ಎಂದರು ಅಜ್ಜ. "ಇದನ್ನು ಅಡಿವೆಪ್ಪನಿಗೆ ಹೇಳಿದೆಯಾ?"

"ಇಲ್ಲ."

"ನೀರಿಗೆ ಕಾಲು ಬಿಟ್ಟುಕೊಂಡು ಕೂತವನಿಗೆ ಹೇಳಿದರೆ ಏನು ಬಂತು, ತಾಯಿ?"

ನಿಂಬವ್ವ ಹೋಗಿ ಅಡಿವೆಪ್ಪನಿಗೆ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಅವನು ಕೇಳಿಸಿಕೊಂಡ. ಅವನೇನು ಕೆಟ್ಟವನಲ್ಲ. ಅಜ್ಜ ಸಾಕಿ ಬೆಳೆಸಿದ ಮಗ ಅವನು, ಮಾತಿಗೆ ಬೆಲೆ ಕೊಡುವವನು.

"ಸರಿ," ಎಂದ. "ನಾಳೆಯಿಂದ ನಡುಹಗಲು ಕೂರು. ನೋಡೋಣ."

ಎಷ್ಟು ಬೇಗ ಒಪ್ಪಿಕೊಂಡ ಎಂದರೆ ಅವಳಿಗೆ ಯಾಕೋ ಹೆದರಿಕೆಯಾಯಿತು.

ಮಾರನೆಯ ದಿನ ಬೆಳಗ್ಗೆ ಪುತಳವ್ವ ಎಂಬ ಮುದುಕಿ ಗಾಡಿಯಲ್ಲಿ ಬಂದಳು. ತನ್ನದೇ ತಲೆದಿಂಬು, ತನ್ನದೇ ಉಪ್ಪಿನಕಾಯಿಯ ಭರಣಿ. ಇಳಿಯುವ ಮೊದಲೇ ಗಾಡಿಯವನಿಗೆ, ಎತ್ತಿಗಿಂತ ನೀನೇ ಹೆಚ್ಚು ಕುಣಿದೆ ಎಂದು ಬೈದಳು. ಬಂದ ತಕ್ಷಣ ಎರಡು ರೊಟ್ಟಿ ತಿಂದು, ಸಾರಿಗೆ ಉಪ್ಪು ಹಾಕುವ ಪದ್ಧತಿ ಈ ಕಡೆ ಇಲ್ಲವೇನು ಎಂದು ಸಂಕವ್ವನನ್ನು ಕೇಳಿದಳು. ಈಕೆ ಮಾವಿನಹಣ್ಣು ತಿಂದೇ ಹೋಗುವವಳು ಎಂದು ಅಡಿವೆಪ್ಪ ನಕ್ಕ.

ನಿಂಬವ್ವ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಮುದುಕಿ ಅಷ್ಟು ಜನರ ನಡುವೆ ಅವಳೊಬ್ಬಳನ್ನೇ ಬೆರಳು ಮಾಡಿ ಕರೆದಳು. ಅದಕ್ಕೂ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ.

"ನಿನ್ನ ಸರದಿ ಯಾವಾಗ, ಹುಡುಗಿ?"

"ನಡುಹಗಲು, ಅವ್ವ."

"ಒಳ್ಳೆಯದಾಯಿತು," ಎಂದಳು ಪುತಳವ್ವ. "ಬೆಳಗಿನ ಜಾವ ಚಳಿ."

ಹೊತ್ತು ನೆತ್ತಿಗೆ ಬಂದಾಗ ನಿಂಬವ್ವ ಹೊಳೆಮನೆಗೆ ಹೋಗಿ ಚಿಪ್ಪು ತೇಲಿಬಿಟ್ಟಳು. ಕೂರುವ ಮಣೆ ಹೊಳೆಬಾಗಿಲಿನ ನಡುವೆ ಇತ್ತು. ಅಡಿವೆಪ್ಪ ಯಾವಾಗಲೂ ಅಲ್ಲೇ, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಉಳಿದವರೂ ಅವನನ್ನು ನೋಡಿ ಅಲ್ಲೇ ಕೂರುತ್ತಿದ್ದರು. ನಿಂಬವ್ವ ಮಣೆಯನ್ನು ಪಕ್ಕದ ಗೋಡೆಗೆ ಸರಿಸಿದಳು.

"ಅವನು ಅಲ್ಲಿ ಕೂತರೆ ದಾರಿಯಲ್ಲಿ ಎಮ್ಮೆ ಮಲಗಿದ ಹಾಗೆ," ಎಂದಳು ಪುತಳವ್ವ ಚಾಪೆಯ ಮೇಲಿಂದ. "ನೀನು ಯಾಕೆ ಪಕ್ಕಕ್ಕೆ ಕೂರುತ್ತೀ?"

"ಹೊಳೆ ಕಾಣುತ್ತಿದ್ದರೆ ನನಗೆ ಹೊತ್ತು ಹೋಗುತ್ತದೆ ಅವ್ವ, ಅದಕ್ಕೆ."

"ನಮಗೂ ಅಷ್ಟೇ," ಎಂದಳು ಮುದುಕಿ.

ಆಮೇಲೆ ಸೊಸೆಯ ಮೇಲೆ ಚಾಡಿ ಹೇಳಿದಳು. ಸೊಸೆಯ ತಾಯಿಯ ಮೇಲೂ ಹೇಳಿದಳು. ನಾಲಗೆಗೆ ಒಂದಿಷ್ಟು ಉಪ್ಪಿನಕಾಯಿ ಕೇಳಿದಳು. ನಿಂಬವ್ವ ಭರಣಿಗೆ ಬೆರಳದ್ದಿ ಹಚ್ಚಿದಳು. ಮುದುಕಿ ಕಣ್ಣು ಮುಚ್ಚಿ ಚಪ್ಪರಿಸಿದಳು.

ಹೊರಗೆ ಒಂದು ಎಲೆ ಅಲುಗುತ್ತಿರಲಿಲ್ಲ. ಆದರೂ ಆ ಕೋಣೆಯಲ್ಲಿ ಹಗಲಿರುಳು ಉರಿಯುವ ದೀಪದ ಕುಡಿ ಹೊಳೆಬಾಗಿಲಿನ ಕಡೆ ಮೆಲ್ಲಗೆ ವಾಲಿತು. ಯಾರೋ ಪಕ್ಕದಿಂದ ನಡೆದುಹೋದಾಗ ವಾಲುವ ಹಾಗೆ.

ಚಿಪ್ಪು ಗುಳುಕ್ ಎಂದು ಮುಳುಗಿತು.

ನಿಂಬವ್ವ ತಿರುಗಿ ನೋಡಿದಳು. ಉಪ್ಪಿನಕಾಯಿ ಇನ್ನೂ ಮುದುಕಿಯ ನಾಲಗೆಯ ಮೇಲೇ ಇತ್ತು.

ಅವಳು ಓಡುತ್ತ ಅಜ್ಜನ ಹತ್ತಿರ ಬಂದಳು. ಚಿಪ್ಪು ಕೈಯಲ್ಲೇ ಇತ್ತು, ನೀರು ಸೋರುತ್ತಿತ್ತು.

"ಅಡಿವೆಪ್ಪಣ್ಣ ಹೇಳಿದ್ದೇ ಸರಿ ಅಜ್ಜಾ. ಹೊತ್ತಿನ ತಪ್ಪಲ್ಲ, ನನ್ನದೇ ತಪ್ಪು. ಯುಗಾದಿಯವರೆಗೆ ಯಾಕೆ, ಇವತ್ತೇ ಬುತ್ತಿ ಕಟ್ಟಿಸಿಬಿಡಿ."

"ನೀನು ಅವಳಿಗೆ ಏನು ಮಾಡಿದೆ?"

"ಏನೂ ಮಾಡಲಿಲ್ಲ. ಕೂತಿದ್ದೆ."

ಅಜ್ಜ ಅವಳ ಕೈಯಿಂದ ಚಿಪ್ಪು ತೆಗೆದುಕೊಂಡು ಮೆಟ್ಟಿಲ ಬಳಿಯ ನೀರಿನಲ್ಲಿ ತೇಲಿಬಿಟ್ಟರು. ಅವಳ ಕೈ ಹಿಡಿದು, ಚಿಪ್ಪಿನ ಅಡಿಗೆ ಒಯ್ದು, ತೂತಿಗೆ ಅವಳ ಬೆರಳು ಒತ್ತಿದರು.

"ಹೀಗೇ ಹಿಡಿದುಕೊ."

ಅವಳು ಹಿಡಿದುಕೊಂಡಳು. ಚಿಪ್ಪು ತೇಲುತ್ತಲೇ ಇತ್ತು. ಬಿಸಿಲು ಬೆನ್ನಿನಿಂದ ಭುಜಕ್ಕೆ ಸರಿಯಿತು. ತೋಳು ಮರಗಟ್ಟಿತು. ಚಿಪ್ಪು ಮುಳುಗಲಿಲ್ಲ.

"ಅಜ್ಜಾ, ಬೆರಳು ನೋಯುತ್ತಿದೆ."

"ಅಡಿವೆಪ್ಪನದೂ ನೋಯುತ್ತಿದೆ," ಎಂದರು ಅಜ್ಜ.

ಅಷ್ಟು ಹೇಳಿ ಎದ್ದರು. ಅವಳಿಗೆ ಅರ್ಥವಾಗಲಿಲ್ಲ.

"ಬುತ್ತಿ, ಅಜ್ಜಾ?"

"ನಾಳೆ ನಡುಹಗಲಿನ ಸರದಿ ಯಾರದು?"

"ನನ್ನದು."

"ಹಾಗಾದರೆ ಹೋಗಿ ಉಂಡು ಮಲಗು."

ಅಲ್ಲಿಂದ ಮುಂದೆ ಆಶ್ರಮದವರು ಅವಳಿಂದ ದೂರ ಉಳಿದರು. ಸಂಕವ್ವ ಅವಳ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಅವಳು ಅಂಗಳ ದಾಟಿದರೆ ಮಲಗಿದ್ದ ನಾಯಿ ಎದ್ದು, ಬಾಲ ಅಲ್ಲಾಡಿಸಿ, ಹೊಳೆಯ ಕಡೆ ನೋಡುತ್ತ ನಿಲ್ಲುತ್ತಿತ್ತು.

ಮಲಗಿದವರು ಮಾತ್ರ ಹಾಗಿರಲಿಲ್ಲ. ಕಣ್ಣು ಕಾಣದ ಒಬ್ಬ ಮುದುಕ, ಯಾರು ಕೂತರೂ, ನಿಂಬವ್ವನೇನು ಎಂದು ಕೇಳುತ್ತಿದ್ದ. ಅವನಿಗೆ ಆ ಹೆಸರು ಹೇಳಿದವರು ಯಾರೂ ಇರಲಿಲ್ಲ. ಅಲ್ಲ ಎಂದರೆ ಗೋಡೆಯ ಕಡೆ ಹೊರಳುತ್ತಿದ್ದ. ಅವಳು ಬಂದ ದಿನ ಕೇಳಲೇ ಇಲ್ಲ. ಅವಳು ಮಣೆ ಸರಿಸಿದ ಸದ್ದಿಗೆ ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ, ಮಡಚಿ, ತಲೆದಿಂಬಿನ ಕೆಳಗಿಟ್ಟ. ಊರಿಗೆ ಹೊರಟವನು ಜೋಳಿಗೆ ಕಟ್ಟುವ ಹಾಗೆ.

ಅಡಿವೆಪ್ಪ ಇದನ್ನೆಲ್ಲ ನೋಡುತ್ತಿದ್ದ. ಅವಳು ಅಜ್ಜನ ಹತ್ತಿರ ಕೂತದ್ದು ಕಂಡರೆ ಏನಾದರೊಂದು ಕೆಲಸ ಹೇಳಿ ಎಬ್ಬಿಸುತ್ತಿದ್ದ. ಅಜ್ಜನ ಕಾಲು ಊದತೊಡಗಿತ್ತು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ನಿಂಬವ್ವ ಆಸರೆಗೆ ಕೈ ಕೊಡಲು ಹೋದರೆ ಅಡಿವೆಪ್ಪ ಎಲ್ಲಿಂದಲೋ ಬಂದು ನಡುವೆ ನಿಲ್ಲುತ್ತಿದ್ದ.

ಒಂದು ದಿನ ಅವಳಿಗೆ ತಿಳಿಯಿತು. ಅವನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಅವನಿಗೆ ಹೆದರಿಕೆಯಿತ್ತು. ಅಜ್ಜ ಹೊಳೆಮನೆಯಲ್ಲಿ ಮಲಗುವ ದಿನ ಬಂದಾಗ ಅವಳು ಅಲ್ಲಿ ಇರಬಾರದು, ಅಷ್ಟೇ ಅವನಿಗೆ ಬೇಕಾದದ್ದು.

ಯುಗಾದಿ ಹತ್ತಿರ ಬಂತು. ಅಜ್ಜ ಮೆಟ್ಟಿಲ ಮೇಲೆ ಬಿದ್ದರು.

ಅಡಿವೆಪ್ಪನೇ ಹೊತ್ತುಕೊಂಡು ಬಂದು ಹೊಳೆಮನೆಯಲ್ಲಿ ಮಲಗಿಸಿದ. ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ತನ್ನ ಬಟ್ಟಲು ತೇಲಿಬಿಟ್ಟು, ಹೊಳೆಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಹೊತ್ತು ಇಳಿಯಿತು. ಮುಂದಿನ ಸರದಿಯವನು ಊರಬಾಗಿಲಿಗೆ ಬಂದು ಕೆಮ್ಮಿದ.

"ನನ್ನ ಬಟ್ಟಲು ಇನ್ನೂ ಮುಳುಗಿಲ್ಲ," ಎಂದ ಅಡಿವೆಪ್ಪ ಒಳಗಿನಿಂದ.

ಬೆಳಗಾಯಿತು. ಮತ್ತೊಬ್ಬ ಬಂದ. ಅದೇ ಉತ್ತರ. ನಡುಹಗಲು ನಿಂಬವ್ವ ಬಂದಳು. ಅವಳಿಗೂ ಅದೇ ಉತ್ತರ. ಸಂಕವ್ವ ತಂದಿಟ್ಟ ಅನ್ನ ಹೊಸ್ತಿಲ ಹೊರಗೇ ಆರಿತು.

ಒಳಗಿನಿಂದ ಅಜ್ಜನ ಉಸಿರು ಕೇಳುತ್ತಿತ್ತು. ಮೊದಲು ಅಂಗಳದವರೆಗೆ, ಆಮೇಲೆ ಅಡುಗೆಮನೆಯವರೆಗೆ. ಹೋಗಲಾರದ, ಇರಲಾರದ ಉಸಿರು. ಒಣ ಮರವನ್ನು ಯಾರೋ ಮೊಂಡು ಗರಗಸದಿಂದ ಕೊಯ್ಯುತ್ತಿದ್ದ ಹಾಗೆ. ಊಟಕ್ಕೆ ಕೂತವರು ಕೈ ತೊಳೆದು ಎದ್ದುಹೋದರು. ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಬಟ್ಟಲು ಮುಳುಗಿಲ್ಲ ಎಂದರೆ ಮುಳುಗಿಲ್ಲ.

ಅಮಾವಾಸ್ಯೆಯ ಸಂಜೆ ಬಂತು. ಬೆಳಗಾದರೆ ಯುಗಾದಿ. ನಿಂಬವ್ವ ಚಿಪ್ಪು ಹಿಡಿದು ಮತ್ತೆ ಊರಬಾಗಿಲಿಗೆ ಹೋದಳು.

"ಅಲ್ಲೇ ನಿಲ್ಲು," ಎಂದ ಅಡಿವೆಪ್ಪ.

ಅವಳು ಹೊಸ್ತಿಲಾಚೆ ನಿಂತಳು. ಅವನ ಮುಖ ಕಾಣುತ್ತಿರಲಿಲ್ಲ. ಹೊಳೆಬಾಗಿಲನ್ನು ತುಂಬಿಕೊಂಡು ಕೂತಿದ್ದ. ದೀಪದ ಕುಡಿ ಗೋಡೆಯ ಚಿತ್ರದಲ್ಲಿನ ದೀಪದ ಹಾಗೆ ನಿಂತಿತ್ತು.

"ನಿಂಬವ್ವ, ನಾಳೆ ಎಲ್ಲರೆದುರು 'ಇರಲಿ' ಎನ್ನುತ್ತೇನೆ. ನಿನ್ನ ಕೈ ಒಳ್ಳೆಯದು, ನಾನು ಹೇಳಿದ್ದು ತಪ್ಪು ಎನ್ನುತ್ತೇನೆ. ತಾಮ್ರದ ಬಟ್ಟಲು ನಾನೇ ಕೊಡುತ್ತೇನೆ. ಈ ಹೊಸ್ತಿಲು ಮಾತ್ರ ದಾಟಬೇಡ."

ಸಂಕ್ರಾಂತಿಯಿಂದ ಅವಳು ಕೇಳಬೇಕು ಎಂದುಕೊಂಡಿದ್ದ ಮಾತು ಅದು. ಅವಳು ಹಿಂದಕ್ಕೆ ತಿರುಗಿ ಅಂಗಳ ನೋಡಿದಳು. ತಾನು ಬಟ್ಟೆ ಹರವುವ ಹಗ್ಗ, ತಾನು ಮಲಗುವ ಜಗಲಿ. ಸುಮ್ಮನೆ ಹಿಂದಿರುಗಿದರೆ ಸಾಕು, ಇದೆಲ್ಲ ಉಳಿಯುತ್ತದೆ. ಒಳಗೆ ಹೋಗಿ ಆಗಬೇಕಾದದ್ದು ಆದರೆ, ಅಜ್ಜನನ್ನೂ ತಿಂದಳು ಎನ್ನುತ್ತಾರೆ. ಆ ಹೆಸರು ಹೊತ್ತವಳಿಗೆ ಯಾವ ಊರಿನಲ್ಲೂ ನೀರು ಸಿಗುವುದಿಲ್ಲ.

ಅಜ್ಜನ ಉಸಿರು ಮತ್ತೊಮ್ಮೆ ಕೊಯ್ದುಕೊಂಡು ಬಂತು.

ಅವಳು ಕೊಪ್ಪರಿಗೆಯ ಕಡೆ ನೋಡಿದಳು. ಅಡಿವೆಪ್ಪನ ಬಲಗೈ ಮಣಿಕಟ್ಟಿನವರೆಗೆ ನೀರಿನಲ್ಲಿತ್ತು. ಬಟ್ಟಲು ತೇಲುತ್ತಿತ್ತು. ಬಟ್ಟಲಿನ ಕೆಳಗೆ ಅವನ ಬೆರಳಿತ್ತು.

ನಿಂಬವ್ವ ವಾದ ಮಾಡಲಿಲ್ಲ. ಸಂಕ್ರಾಂತಿಯ ಮಾತನ್ನು ಎತ್ತಲಿಲ್ಲ.

"ಅಣ್ಣಾ," ಎಂದಳು, "ಬೆರಳು ನೋಯುತ್ತಿದೆಯಾ?"

ಅವನ ಭುಜಗಳು ಅಲುಗಿದವು.

"ನೋಯುತ್ತಿದೆ."

"ಯಾವಾಗಿನಿಂದ?"

"ನಾನು ಚಿಪ್ಪು ಹಿಡಿದಿದ್ದಾಗಿನಿಂದ."

ಅವನು ಕೈ ಹೊರಗೆ ತೆಗೆದ. ಬೆರಳು ಬೆಳ್ಳಗೆ, ಸುಕ್ಕುಸುಕ್ಕಾಗಿ, ಅವನದೇ ಅಲ್ಲದ ಹಾಗಿತ್ತು. ಇಬ್ಬರೂ ಬಟ್ಟಲನ್ನು ನೋಡಿದರು. ನೀರು ಮೆಲ್ಲಗೆ ಒಳಗೆ ಏರಿತು. ಹೊರಗೆ ಬೆಳಕು ಇಳಿಯುತ್ತ ಬಂತು. ಇಬ್ಬರೂ ಕಾದರು.

ಗುಳುಕ್.

ಅಡಿವೆಪ್ಪ ಗೋಡೆ ಹಿಡಿದು ಎದ್ದ. ಅಜ್ಜನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹೊಸ್ತಿಲಲ್ಲಿ ಅವಳ ಪಕ್ಕ ನಿಂತು, ನಾಳೆ ನಾನು ಏನು ಹೇಳಲಿ ಎಂದು ಕೇಳಿದ. ಹಿರಿಯ ಶಿಷ್ಯ ಹೊಸಬಳನ್ನು ಕೇಳುವ ದನಿಯಲ್ಲ ಅದು.

"ಕಂಡದ್ದನ್ನಷ್ಟೇ ಹೇಳಿ ಅಣ್ಣಾ," ಎಂದಳು ನಿಂಬವ್ವ.

ಅವನು ಅಂಗಳಕ್ಕೆ ಇಳಿದ. ಅವಳು ಹೊಸ್ತಿಲು ದಾಟಿದಳು.

ಮೊದಲು ಮಣೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿದಳು. ಹೊಳೆ ಕಂಡಿತು. ಕೊನೆಯ ಬೆಳಕು ನೀರಿನ ಮೇಲೆ ಆಚೆ ದಡದವರೆಗೂ ಹಾಸಿತ್ತು. ಅಜ್ಜನ ಉಸಿರಿನ ಸದ್ದು ತಗ್ಗಿತು. ಅವರು ಕಣ್ಣು ತೆರೆದು ಬಾಗಿಲು ನೋಡಿದರು, ಅವಳನ್ನು ನೋಡಿದರು, ಅವಳ ಕೈಯಲ್ಲಿದ್ದ ಚಿಪ್ಪನ್ನು ನೋಡಿದರು.

ಅವಳು ಕೊಪ್ಪರಿಗೆಯ ಮುಂದೆ ಮಂಡಿಯೂರಿದಳು.

"ಅಜ್ಜಾ, ಅನ್ಯಾಯ ಎಲ್ಲಿದೆ ಎಂದು ಕೇಳಿದ್ದಿರಿ. ನನಗೆ ಇನ್ನೂ ಸಿಕ್ಕಿಲ್ಲ. ಬೆಳಗಾದರೆ ಯುಗಾದಿ. ಇದು ನನ್ನ ಕೊನೆಯ ಸರದಿಯೇನೋ."

ಅಜ್ಜನ ಮುಖದಲ್ಲಿ ನಗು ಬಂದ ಹಾಗಾಯಿತು. ಕಣ್ಣು ಗೋಡೆಯ ಗೂಡಿನ ಕಡೆ ಹೊರಳಿತು. ಅಲ್ಲಿ ಅವರ ಸ್ವಂತ ತಾಮ್ರದ ಬಟ್ಟಲು, ಅವರು ಸರದಿ ಕೂರುವುದನ್ನು ಬಿಟ್ಟ ದಿನದಿಂದ ಬೋರಲಾಗಿ ಕೂತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ದೀಪದ ಕುಡಿ ಆಗಲೇ ಹೊಳೆಯ ಕಡೆ ವಾಲತೊಡಗಿತ್ತು.

"ಚಿಪ್ಪು ಬೇಡ, ತಾಯಿ," ಎಂದರು ಅಜ್ಜ. "ನನ್ನ ಬಟ್ಟಲನ್ನು ತೇಲಿಬಿಡು."